ಪ್ಯಾಕೆಟ್ ಹಿಂದಿನ 307: ಓದುವುದು ಹೇಗೆ, ಹೆದರಬೇಕಾ?

ಮೊದಲು ಅಡುಗೆ ಎಣ್ಣೆಯ ಪ್ಯಾಕೆಟ್ ತಿರುಗಿಸಿ. ‘ವಿಟಮಿನ್ ಇ ಭರಿತ’ ಅಂತ ಮುಂದುಗಡೆ ದೊಡ್ಡದಾಗಿ ಬರೆದಿರುವುದು ಮಾರಾಟದ ಮಾತು. ನಮಗೆ ಬೇಕಿರುವುದು ಹಿಂದೆ ಸಣ್ಣಕ್ಷರದಲ್ಲಿರುವ ಪದಾರ್ಥಗಳ ಪಟ್ಟಿ. ಸೇರಿಸಿದ ವಸ್ತುವಿನ ಕೆಲಸ ಏನು, ಅದರ ಹೆಸರು ಅಥವಾ ಇಂಥ ವಸ್ತುಗಳಿಗೆ ಕೊಟ್ಟಿರುವ ಅಂತಾರಾಷ್ಟ್ರೀಯ ಐಎನ್‌ಎಸ್ ಸಂಖ್ಯೆ ಏನು ಅಂತ ಅಲ್ಲಿ ಹೇಳಲೇಬೇಕು. ಇದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ.

‘ಆಂಟಿ ಆಕ್ಸಿಡೆಂಟ್’ (ಎಣ್ಣೆ ಬೇಗ ಕೆಡದಂತೆ ತಡೆಯುವ ವಸ್ತು) ಅನ್ನುವ ಪದ ಹುಡುಕಿ. ಪಕ್ಕದಲ್ಲಿ 306 ಅಥವಾ 307 ಇದ್ದರೆ ಅದು ಟೊಕೊಫೆರಾಲ್, ಅಂದರೆ ವಿಟಮಿನ್ ಇ. 307ರ ಜತೆ ಎ ಇದ್ದರೆ ನೈಸರ್ಗಿಕ, ಬಿ ಇದ್ದರೆ ಹಲವು ಬಗೆಯ ಮಿಶ್ರಣ, ಸಿ ಇದ್ದರೆ ಕಾರ್ಖಾನೆಯಲ್ಲಿ ತಯಾರಾದದ್ದು. 319 ಕಂಡರೆ ಅದು ವಿಟಮಿನ್ ಅಲ್ಲ, ಟಿಬಿಎಚ್‌ಕ್ಯೂ ಎಂಬ ಬೇರೆ ರಾಸಾಯನಿಕ. ಅಡುಗೆ ಎಣ್ಣೆಯಲ್ಲಿ ನಿಮಗೆ ಹೆಚ್ಚಾಗಿ ಸಿಗುವುದು ಇದೇ. ‘+ಎಫ್’ ಗುರುತು ಇನ್ನೊಂದು ವಿಷಯ: ಆ ಎಣ್ಣೆಗೆ ಎ ಮತ್ತು ಡಿ ವಿಟಮಿನ್ ಬೆರೆಸಿದ್ದಾರೆ ಎಂದರ್ಥ.

ವಿಟಮಿನ್ ಇ ಯಾಕೆ ಹಾಕುತ್ತಾರೆ? ಗಾಳಿ ತಾಗಿದರೆ ಎಣ್ಣೆ ಕಮಟು ಹಿಡಿಯುತ್ತದೆ. ಟೊಕೊಫೆರಾಲ್ ಅದನ್ನು ನಿಧಾನ ಮಾಡುತ್ತದೆ. ಆದರೆ ನಮ್ಮ ರಾಯಚೂರು, ಕೊಪ್ಪಳದ ಕಡೆ ಬೆಳೆಯುವ ಸೂರ್ಯಪಾನದ (ಸೂರ್ಯಕಾಂತಿಯ) ಎಣ್ಣೆಯಲ್ಲಿ ಅದು ಹುಟ್ಟಿನಿಂದಲೇ ಇರುತ್ತದೆ. ಅದಕ್ಕೇ ಇನ್ನಷ್ಟು ಸುರಿದರೆ ಹೆಚ್ಚೇನೂ ಲಾಭವಿಲ್ಲ. ತೀರಾ ಜಾಸ್ತಿಯಾದರೆ ಎಣ್ಣೆ ಬೇಗ ಕೆಡುವುದೂ ಉಂಟು. ಕಂಪನಿಗಳು 319ರ ಕಡೆ ವಾಲುವುದಕ್ಕೆ ಇದೂ ಒಂದು ಕಾರಣ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಕೋಡೆಕ್ಸ್ ಎಂಬ ಅಂತಾರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಅಡುಗೆ ಎಣ್ಣೆಗೆ ಸೇರಿಸಬಹುದಾದ ಟೊಕೊಫೆರಾಲ್ ಕೆಜಿಗೆ 300 ಮಿಲಿಗ್ರಾಂ ಮೀರಬಾರದು. ದಿನಕ್ಕೆ 30 ಗ್ರಾಂ ಎಣ್ಣೆ ತಿನ್ನುವವರ ಹೊಟ್ಟೆಗೆ ಅದರಿಂದ ಹೋಗುವುದು 9 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಜಂಟಿ ತಜ್ಞರು ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 0.15ರಿಂದ 2 ಮಿಲಿಗ್ರಾಂ ತನಕ ಆಲ್ಫಾ ಟೊಕೊಫೆರಾಲ್ (ವಿಟಮಿನ್ ಇಯ ಮುಖ್ಯ ರೂಪ) ಸರಿ ಅಂದಿದ್ದಾರೆ. 60 ಕೆಜಿ ತೂಕದವರಿಗೆ ಮೇಲಿನ ಮಿತಿ 120 ಮಿಲಿಗ್ರಾಂ ಆಯಿತು. 9 ಎಲ್ಲಿ, 120 ಎಲ್ಲಿ! ಇನ್ನೂ ತಮಾಷೆ ಅಂದರೆ, ಏನನ್ನೂ ಸೇರಿಸದ ಸೂರ್ಯಪಾನದ ಎಣ್ಣೆಯಲ್ಲೇ ಸಾಮಾನ್ಯವಾಗಿ ಕೆಜಿಗೆ 400 ಮಿಲಿಗ್ರಾಂಗೂ ಜಾಸ್ತಿ ಇರುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯೂ 2015ರಲ್ಲಿ ಮತ್ತೆ ಪರಿಶೀಲಿಸಿ, ಆಹಾರದಲ್ಲಿ ಬಳಸುವ ಪ್ರಮಾಣದಲ್ಲಿ ಇದರಿಂದ ಆತಂಕವಿಲ್ಲ ಎಂದಿತು. ಹಾಗಾಗಿ 307 ನೋಡಿ ಪ್ಯಾಕೆಟ್ ವಾಪಸ್ ಇಡುವುದು ಸುಮ್ನೆ.

ಮುಂದೆ ದಿನಾಂಕ ಮತ್ತು 14 ಅಂಕಿಯ ಲೈಸೆನ್ಸ್ ನಂಬರ್ ನೋಡಿ. ನಂಬರ್ ಮೇಲೆ ಅನುಮಾನ ಬಂದರೆ ಪ್ರಾಧಿಕಾರದ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಪರೀಕ್ಷಿಸಬಹುದು, ಅಲ್ಲೇ ದೂರನ್ನೂ ಕೊಡಬಹುದು.

ಮನೆಗೆ ತಂದ ಮೇಲೆ ಕತ್ತಲಿರುವ ತಂಪು ಜಾಗದಲ್ಲಿಡಿ. ಬಳ್ಳಾರಿ ಬಿಸಿಲಿಗೆ ಕಿಟಕಿ ಪಕ್ಕ ಇಟ್ಟ ಪಾರದರ್ಶಕ ಬಾಟಲಿಯಲ್ಲಿ ಯಾವ ವಿಟಮಿನ್ ತಾನೇ ಉಳಿದೀತು? ಮಿರ್ಚಿ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೂ ಅಷ್ಟೇ, ವಿಟಮಿನ್ ಇ ಸುಟ್ಟು ಹೋಗುತ್ತದೆ. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶ, ಅಂದರೆ ಟೋಟಲ್ ಪೋಲಾರ್ ಕಾಂಪೌಂಡ್ಸ್, ಶೇ 25 ದಾಟಿದರೆ ಬಳಸಬಾರದು ಎಂಬ ನಿಯಮ 2018ರ ಜುಲೈ 1ರಿಂದ ಇದೆ. ಒಗ್ಗರಣೆ ಮಂಡಾಳು ಜತೆ ಮಿರ್ಚಿ ತಿನ್ನುವಾಗ ಬಾಣಲೆಯ ಬಣ್ಣದ ಕಡೆಗೂ ಒಮ್ಮೆ ಕಣ್ಣು ಹಾಯಿಸಿ.

ನಿಜವಾಗಿ ಜೋಪಾನ ಬೇಕಿರುವುದು ಮೆಡಿಕಲ್ ಶಾಪಿನ ಕ್ಯಾಪ್ಸೂಲಿನಲ್ಲಿ. ಕೂದಲಿಗೆ, ಮುಖಕ್ಕೆ ಒಳ್ಳೆಯದು ಅಂತ ಕೇಳಿ ದಿನಾ ನುಂಗುವವರಿದ್ದಾರೆ. 400 ಮಿಲಿಗ್ರಾಂನ ಒಂದೇ ಗುಳಿಗೆ ಯುರೋಪ್ ದೊಡ್ಡವರಿಗೆ ಹಾಕಿರುವ 300 ಮಿಲಿಗ್ರಾಂ ದಿನದ ಗರಿಷ್ಠ ಮಿತಿಯನ್ನೇ ದಾಟುತ್ತದೆ. ಹೆಚ್ಚಿನ ಪ್ರಮಾಣದ ವಿಟಮಿನ್ ಇ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಆಪರೇಷನ್‌ಗೆ ದಿನ ಗೊತ್ತಾದವರು ಈ ಕ್ಯಾಪ್ಸೂಲಿನ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.