ಮಿರ್ಚಿ ಸೀಸನ್‌ನಲ್ಲೂ ನಿಲ್ಲದ ಬಿಲ್ಲಿಂಗ್: ಟೇಬಲ್ ಲಾಕ್ ಬಿಡಿಸಿದ ನನ್ನ ಅನುಭವ

ನವಿ ಮುಂಬೈನ ವಾಶಿಯ ಎಪಿಎಂಸಿ ಮಸಾಲಾ ಮಾರ್ಕೆಟ್‌ನಲ್ಲಿ ಹಾವೇರಿ ಕಡೆಯ ಸಾವಕಾರರೊಬ್ಬರು ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾರೆ. ಅವರ ಗಾಳಾದ (ಮಳಿಗೆಯ) ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವವನು ನಾನು. ಹತ್ತು ಹನ್ನೆರಡು ಕಂಪ್ಯೂಟರ್, ಲೆಕ್ಕವೆಲ್ಲ ಇಡುವ ಒಂದು ಮೈಎಸ್‌ಕ್ಯೂಎಲ್ ಡೇಟಾಬೇಸ್ ಸರ್ವರ್. ಹಿಂದಿನ ಸೀಸನ್‌ನಲ್ಲಿ ದಿನಕ್ಕೆ ಮೂವತ್ತು ನಲವತ್ತು ಸಲ ಲಾಕ್ ಎರರ್ (ಒಬ್ಬರ ಕೆಲಸ ಡೇಟಾಗೆ ಹಾಕಿದ ಬೀಗದಿಂದ ಇನ್ನೊಬ್ಬರದ್ದು ನಿಲ್ಲುವುದು) ಬರುತ್ತಿತ್ತು. ಈ ಸೀಸನ್‌ನಲ್ಲಿ ಬಂದದ್ದು ಬೆರಳೆಣಿಕೆಯಷ್ಟು. ಅವೂ ಲಾಗ್‌ನಲ್ಲಿ ಮಾತ್ರ, ಆಪರೇಟರ್‌ಗೆ ಗೊತ್ತೇ ಆಗಿಲ್ಲ.

ಹಾರ್ಡ್‌ವೇರ್‌ನವರು, ಸಾವಕಾರರ ಅಳಿಯ, ಆಡಿಟರ್, ಎಲ್ಲರದ್ದೂ ಒಂದೇ ಮಾತು: ದೊಡ್ಡ ಸರ್ವರ್ ತರಿಸಿ. ಕೊಟೇಶನ್ ಸುಮಾರು ಒಂದೂಮುಕ್ಕಾಲು ಲಕ್ಷ. "ಹೊಸಾದ್ ತಂದ್ರ ಹೋಗ್ತದೇನ್ ತಮ್ಮಾ?" ಅಂತ ಸಾವಕಾರರು ಕೇಳಿದರು. "ಹೋಗಲ್ಲ ಸಾವಕಾರ್ರೆ, ಸರ್ವರ್ ಸುಮ್ನೆ ಕೂತಿದೆ" ಅಂದೆ. ಸಿಪಿಯು ಶೇಕಡಾ ಹತ್ತೂ ದಾಟುತ್ತಿರಲಿಲ್ಲ.

ಹಳೇ ಟೇಬಲ್‌ಗಳೆಲ್ಲ ಮೈಐಸ್ಯಾಮ್‌ನಲ್ಲಿದ್ದವು. ಅದು ಮೈಎಸ್‌ಕ್ಯೂಎಲ್ ಡೇಟಾ ಇಡುವ ಹಳೇ ಎಂಜಿನ್, ಬೀಗ ಹಾಕಿದರೆ ಇಡೀ ಟೇಬಲ್‌ಗೇ. ಲೆಕ್ಕ ಬರೆಯುವ ಮೆಹತಾಜಿ ಬಾಕಿ ರಿಪೋರ್ಟ್ ಒತ್ತಿದರೆ ನಲವತ್ತು ಸೆಕೆಂಡ್ ಓಡುತ್ತಿತ್ತು. ಅಷ್ಟರಲ್ಲಿ ಒಂದು ಬಿಲ್ ಸೇವ್ ಆಗಲು ಬಂದು ಕಾಯುತ್ತಿತ್ತು. ಬರೆಯುವವರಿಗೆ ಆದ್ಯತೆ ಇರುವುದರಿಂದ ಆ ಬಿಲ್‌ನ ಹಿಂದೆ ಬಂದ ಓದುವವರೂ ಸಾಲಾಗಿ ನಿಂತುಬಿಡುತ್ತಿದ್ದರು. ಸರ್ವರ್‌ನಲ್ಲಿ ಏನೇನು ಓಡುತ್ತಿದೆ ಅಂತ ತೋರಿಸುವ ಪ್ರೊಸೆಸ್‌ಲಿಸ್ಟ್ ನೋಡಿದರೆ ಪೂರ್ತಿ 'ವೇಟಿಂಗ್ ಫಾರ್ ಟೇಬಲ್ ಲೆವೆಲ್ ಲಾಕ್'. ಓದುವವರನ್ನು ಮುಂದೆ ಬಿಡುವ ಲೋ ಪ್ರಯಾರಿಟಿ ಅಪ್‌ಡೇಟ್ಸ್ ಆನ್ ಮಾಡಿ ನೋಡಿದೆ. ರಿಪೋರ್ಟ್ ಸರಾಗವಾಯಿತು, ಬಿಲ್‌ಗಳು ಮಾತ್ರ ಕಾದು ಕಾದು ಸತ್ತವು. ಆರು ಸಾವಿರ ಕೊಟ್ಟು ಎಸ್‌ಎಸ್‌ಡಿ ಹಾಕಿದೆ. ನಲವತ್ತು ಸೆಕೆಂಡ್ ಇಪ್ಪತ್ತೈದಕ್ಕೆ ಇಳಿಯಿತು, ಸಾಲು ಕರಗಲಿಲ್ಲ.

ಒಂದು ಭಾನುವಾರ ರಾತ್ರಿ ಎಲ್ಲವನ್ನೂ ಒಂದೊಂದು ಸಾಲಿಗೆ ಬೇರೆ ಬೀಗ ಹಾಕುವ ಇನ್ನೋಡಿಬಿ ಎಂಜಿನ್‌ಗೆ ತಂದೆ. ಬಿಲ್ ಐಟಂ ಟೇಬಲ್‌ನಲ್ಲಿ ಇಪ್ಪತ್ತು ಲಕ್ಷದ ಹತ್ತಿರ ಸಾಲುಗಳು, ಅದೊಂದಕ್ಕೇ ಅರ್ಧ ಗಂಟೆ ಹಿಡಿಯಿತು. ಡೇಟಾವನ್ನು ಮೆಮೊರಿಯಲ್ಲಿ ಇಡುವ ಬಫರ್ ಪೂಲ್ ಡೀಫಾಲ್ಟ್ 128 ಎಂಬಿಯಲ್ಲೇ ಇತ್ತು, 4 ಜಿಬಿ ಮಾಡಿದೆ. ಸೋಮವಾರ ರಿಪೋರ್ಟ್‌ನ ಕಾಟ ಹೋಯಿತು, ಆದರೆ 1205, 1213 ಎಂಬ ಎರರ್‌ಗಳು ಶುರುವಾದವು. "ಮೊದಲೇ ಹೇಳಿದ್ವಿ" ಅಂದರು ಎಲ್ಲರೂ.

ಇಲ್ಲಿ ಹುಷಾರಾಗಿರಬೇಕು. 1213 ಅಂದರೆ ಡೆಡ್‌ಲಾಕ್, ಇಬ್ಬರೂ ಒಬ್ಬರ ಬೀಗಕ್ಕೆ ಇನ್ನೊಬ್ಬರು ಕಾದು ನಿಲ್ಲುವುದು. ಆಗ ಒಬ್ಬರ ಇಡೀ ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಬರಹಗಳ ಕಟ್ಟು) ವಾಪಸ್ ಹೋಗುತ್ತದೆ. 1205 ಅಂದರೆ ಬೀಗಕ್ಕೆ ಕಾದು ಸಮಯ ಮೀರಿದ್ದು, ಅದರಲ್ಲಿ ಡೀಫಾಲ್ಟ್ ಆಗಿ ಕೊನೇ ಸ್ಟೇಟ್‌ಮೆಂಟ್ ಮಾತ್ರ ರದ್ದಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಹಳೇ ಕೋಡ್ ಎರರ್ ನುಂಗಿಕೊಂಡು ಕಮಿಟ್ (ಖಾಯಂ) ಮಾಡುತ್ತಿತ್ತು. ಬಿಲ್ ಇದೆ, ಸ್ಟಾಕ್ ಇಳಿದಿಲ್ಲ! ಗೋದಾಮಿನಲ್ಲಿ ಚೀಲ ಎಣಿಸಿದಾಗ ಲೆಕ್ಕ ತಪ್ಪಿದ್ದು ಇದರಿಂದಲೇ. ಈಗ ಯಾವ ಎರರ್ ಬಂದರೂ ಮೊದಲು ರೋಲ್‌ಬ್ಯಾಕ್ (ಬರೆದದ್ದೆಲ್ಲ ರದ್ದು), ಒಂದು ಸಣ್ಣ ವಿರಾಮ, ಮತ್ತೆ ಮೊದಲಿನಿಂದ. ವಿರಾಮ ಪ್ರತಿ ಸಲ ಬೇರೆ ಬೇರೆ ಇರಲಿ, ಇಲ್ಲದಿದ್ದರೆ ಇಬ್ಬರೂ ಒಟ್ಟಿಗೇ ಬಂದು ಮತ್ತೆ ಡಿಕ್ಕಿ ಹೊಡೆಯುತ್ತಾರೆ.

ನಿಜವಾದ ಕಳ್ಳ ಬಿಲ್ ನಂಬರ್. ಸ್ಕ್ರೀನ್ ತೆರೆದ ಕೂಡಲೇ ಹಳೇ ಪ್ರೋಗ್ರಾಮ್ ಟ್ರಾನ್ಸಾಕ್ಷನ್ ಶುರು ಮಾಡಿ, ಸಾಲಿಗೆ ಬೀಗ ಹಾಕಿ ಓದುವ ಸೆಲೆಕ್ಟ್ ಫಾರ್ ಅಪ್‌ಡೇಟ್‌ನಿಂದ ನಂಬರ್ ಹಿಡಿದು ಕೂರುತ್ತಿತ್ತು. ಕಾಟಾದಿಂದ ತೂಕ ಬರಬೇಕು, ಹಮಾಲರು ಚೀಲ ಇಳಿಸಬೇಕು, ಮಧ್ಯೆ ಒಂದು ಫೋನ್. ಅಷ್ಟು ಹೊತ್ತೂ ಆ ಒಂದು ಸಾಲಿಗೆ ಬೀಗ. 50 ಸೆಕೆಂಡ್ ಡೀಫಾಲ್ಟ್ ಟೈಮ್‌ಔಟ್ ಯಾವ ಮೂಲೆಗೆ? ನಂಬರ್ ತಾನೇ ಕೊಡುವ ಆಟೋ ಇನ್‌ಕ್ರಿಮೆಂಟ್ ಹಾಕೋಣ ಅಂದರೆ ರೋಲ್‌ಬ್ಯಾಕ್ ಆದಾಗ ನಂಬರ್ ಹಾರಿಹೋಗುತ್ತದೆ. ಜಿಎಸ್‌ಟಿಯಲ್ಲಿ ಬಿಲ್ ನಂಬರ್ ಸಾಲಾಗಿ ಬರಬೇಕು, ಆಡಿಟರ್ ಬಿಡುವುದಿಲ್ಲ. ಹಾಗಾಗಿ ನಂಬರ್ ಟೇಬಲ್ ಅನ್ನೇ ಉಳಿಸಿಕೊಂಡೆ. ಆದರೆ ಸೇವ್ ಒತ್ತಿದ ಮೇಲೆ, ಐಟಂ, ಸ್ಟಾಕ್ ಎಲ್ಲ ಬರೆದಾದ ಮೇಲೆ, ಕಟ್ಟಕಡೆಗೆ ನಂಬರ್ ಎಳೆದು ಬಿಲ್‌ಗೆ ಹಚ್ಚಿ ಕಮಿಟ್. ಕೆಟ್ಟರೆ ನಂಬರೂ ವಾಪಸ್. ಬೀಗ ಇರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಎರಡು ಗೋದಾಮಿನಿಂದ ಒಂದೇ ಸೀರೀಸ್ ಎಳೆಯಲು ಇನ್ನೊಂದು ಉಪಾಯ ಮಾಡಿದ್ದೇನೆ. ಅದು ನನ್ನ ಅನ್ನದ ದಾರಿ, ಇಲ್ಲಿ ಬರೆಯಲ್ಲ.

ಡೆಡ್‌ಲಾಕ್ ಸುಲಭವಾಗಿ ಹೋಯಿತು. ಒಬ್ಬ ಬ್ಯಾಡಗಿ ಆಮೇಲೆ ಗುಂಟೂರು ಬರೆಯುತ್ತಾನೆ, ಇನ್ನೊಬ್ಬ ಗುಂಟೂರು ಆಮೇಲೆ ಬ್ಯಾಡಗಿ. ಸೇವ್‌ಗೆ ಮುಂಚೆ ಐಟಂ ಕೋಡ್ ಪ್ರಕಾರ ಸಾರ್ಟ್ ಮಾಡಿದೆ, ಅಷ್ಟೇ. ಉಳಿದ ಡೆಡ್‌ಲಾಕ್‌ಗಳ ಜಾಡನ್ನು 'ಶೋ ಎಂಜಿನ್ ಇನ್ನೋಡಿಬಿ ಸ್ಟೇಟಸ್' ಕೊಟ್ಟಿತು: ಲಾಟ್ ನಂಬರ್ ಕಾಲಂಗೆ ನೇರ ಸಾಲಿಗೆ ಕರೆದೊಯ್ಯುವ ಇಂಡೆಕ್ಸ್ ಇರಲಿಲ್ಲ. ಒಂದು ಲಾಟ್ ಅಪ್‌ಡೇಟ್ ಮಾಡಲು ಹೋದರೆ ಹುಡುಕಿದ ಸಾಲುಗಳಿಗೆಲ್ಲ ಬೀಗ ಬೀಳುತ್ತಿತ್ತು.

ನಡುವೆ ಪ್ರತಿ ಕ್ವೆರಿಗೂ ಆ ಕ್ಷಣದವರೆಗೆ ಕಮಿಟ್ ಆದದ್ದನ್ನು ತೋರಿಸುವ ರೀಡ್ ಕಮಿಟೆಡ್ ಸೆಟ್ಟಿಂಗ್ ಹಾಕಿ ನೋಡಿದೆ. ಲಾಕ್ ಕಡಿಮೆಯಾಯಿತು, ಆದರೆ ಒಂದೇ ರಿಪೋರ್ಟ್‌ನ ಎರಡು ಕ್ವೆರಿಗಳ ಮೊತ್ತ ತಾಳೆಯಾಗದೆ ಮೆಹತಾಜಿ ಗಲಾಟೆ ಮಾಡಿದರು. ಹಳೇ ಸೆಟ್ಟಿಂಗ್‌ಗೇ ಮರಳಿದೆ. ಮುಖಪುಟದ 'ಒಟ್ಟು ಬಿಲ್' ಲೆಕ್ಕ ಇನ್ನೋಡಿಬಿಯಲ್ಲಿ ನಿಧಾನ, ಮೈಐಸ್ಯಾಮ್‌ನಂತೆ ಎಣಿಕೆ ಬರೆದಿಟ್ಟುಕೊಳ್ಳುವುದಿಲ್ಲ. ಪ್ರತಿ ಬಿಲ್‌ಗೂ ಒಂದು ಸಮ್ಮರಿ ಸಾಲು ಅಪ್‌ಡೇಟ್ ಮಾಡಿದರೆ ಅದೇ ಹೊಸ ಲಾಕ್. ಹಾಗಾಗಿ ಐದು ನಿಮಿಷಕ್ಕೊಮ್ಮೆ ಎಣಿಸಿ ಇಡುತ್ತೇನೆ.

ಸಾವಕಾರರಿಗೆ ಬಿದ್ದ ಖರ್ಚು ನನ್ನ ಕೂಲಿ ಮೂವತ್ತು ಸಾವಿರದ ಆಸುಪಾಸು ಮತ್ತು ಆ ಎಸ್‌ಎಸ್‌ಡಿ. ಮೊದಲು ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಶುರುವಾದರೆ ಬಿಲ್ಲಿಂಗ್ ನಿಲ್ಲುತ್ತಿತ್ತು, ರಾತ್ರಿ ಎಲ್ಲರೂ ಹೋಗುವವರೆಗೆ ಕಾಯಬೇಕಿತ್ತು. ಈಗ ಟೇಬಲ್‌ಗಳಿಗೆ ಬೀಗ ಹಾಕದೆ ಓದುವ ಸಿಂಗಲ್ ಟ್ರಾನ್ಸಾಕ್ಷನ್ ಆಪ್ಷನ್ ಹಾಕಿ ಮಧ್ಯಾಹ್ನ ಎರಡಕ್ಕೇ, ಗಿರಾಕಿ ಜಾಸ್ತಿ ಇರುವಾಗಲೇ, ಬ್ಯಾಕಪ್ ತೆಗೆಯುತ್ತೇನೆ. ಒಂದೇ ಒಂದು ಟೇಬಲ್ ಮೈಐಸ್ಯಾಮ್‌ನಲ್ಲಿ ಉಳಿದಿದ್ದರೂ ಆ ಬ್ಯಾಕಪ್‌ನಲ್ಲಿ ಅದರ ಲೆಕ್ಕ ಬೇರೆ ಟೇಬಲ್‌ಗಳಿಗೆ ಹೊಂದದೇ ಹೋಗಬಹುದು, ಮೊದಲು ಅದನ್ನು ನೋಡಿಕೊಳ್ಳಿ.