ನಾಯಿ ಕಚ್ಚಿದರೆ ಮೊದಲು ನಲ್ಲಿ, ಆಮೇಲೆ ಆಸ್ಪತ್ರೆ: ಹಾಸನಕ್ಕೆ ಹೊಸದಾಗಿ ಬಂದವರಿಗೆ

ಹಾಸನಕ್ಕೆ ಬಂದು ಮನೆ ಮಾಡಿದವರು ಹಾಲಿನವರು ಯಾರು, ಗ್ಯಾಸ್ ಎಲ್ಲಿ, ಶಾಲೆ ಯಾವುದು ಎಂದು ಒಂದೇ ವಾರದಲ್ಲಿ ಗೊತ್ತು ಮಾಡಿಕೊಳ್ಳುತ್ತಾರೆ. ನಾಯಿ ಕಚ್ಚಿದರೆ ಎಲ್ಲಿಗೆ ಓಡಬೇಕು ಅನ್ನುವುದನ್ನು ಮಾತ್ರ ಕಚ್ಚಿದ ದಿನವೇ ವಿಚಾರಿಸುತ್ತಾರೆ. ಅದಕ್ಕೇ ಈ ಬರಹ. ರೇಬೀಸ್‌ನ (ಹುಚ್ಚು ನಾಯಿ ಕಾಯಿಲೆಯ) ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ. ಅದಕ್ಕೆ ಮೊದಲು ಸರಿಯಾಗಿ ಚಿಕಿತ್ಸೆ ಆದರೆ ಕಾಯಿಲೆ ಬರುವುದೇ ಇಲ್ಲ ಎನ್ನುವಷ್ಟು ಭರವಸೆ ಇದೆ.

ಮೊದಲ 15 ನಿಮಿಷ

ಗಾಯವನ್ನು ಹರಿಯುವ ನೀರಿನ ಕೆಳಗೆ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಮೈ ಸೋಪು, ಬಟ್ಟೆ ಸೋಪು, ಯಾವುದಾದರೂ ಸರಿ. ಈ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಕರಗಿಸಿಬಿಡುತ್ತದೆ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಸುಮಾರು ಹೊತ್ತಾಯಿತು ಅನ್ನಿಸುವಾಗ ಸಾಮಾನ್ಯವಾಗಿ ಎರಡು ನಿಮಿಷವೂ ಆಗಿರುವುದಿಲ್ಲ. ನಲ್ಲಿಯಲ್ಲಿ ನೀರಿಲ್ಲವೆಂದರೆ ಒಬ್ಬರು ಚೊಂಬಿನಿಂದ ಸುರಿಯುತ್ತಿರಲಿ, ಇನ್ನೊಬ್ಬರು ತೊಳೆಯಲಿ. ಹಲ್ಲು ಆಳಕ್ಕೆ ಇಳಿದಿದ್ದರೆ ನೀರು ಒಳಗೆ ಹೋಗಲಿ, ಆದರೆ ಬ್ರಷ್ಷಿನಿಂದ ಉಜ್ಜಬೇಡಿ. ಆಮೇಲೆ ಪೊವಿಡೋನ್ ಅಯೋಡಿನ್ (ಗಾಯದ ಕ್ರಿಮಿನಾಶಕ ಔಷಧಿ) ಹಚ್ಚಿ ಗಾಯವನ್ನು ಬಿಟ್ಟುಬಿಡಿ. ಬಿಗಿಯಾಗಿ ಕಟ್ಟುವುದು ಬೇಡ.

ಸುಣ್ಣ, ಅರಿಶಿನ, ಖಾರದ ಪುಡಿ, ನಮ್ಮ ಕಡೆಯ ಕಾಫಿ ಪುಡಿ, ಯಾವುದೂ ಬೇಡ. ಅವು ಗಾಯವನ್ನು ಕೆರಳಿಸುತ್ತವೆ, ಆಸ್ಪತ್ರೆಯಲ್ಲಿ ಅದನ್ನೆಲ್ಲ ತೆಗೆಯುವುದೇ ಒಂದು ಕೆಲಸವಾಗುತ್ತದೆ. ಮಂತ್ರ ಹಾಕಿಸಲೇಬೇಕು ಅಂತ ಮನೆಯ ಹಿರಿಯರು ಹಟ ಹಿಡಿದರೆ ಇಂಜೆಕ್ಷನ್ ಆದ ಮೇಲೆ ಹಾಕಿಸಿಕೊಳ್ಳಲಿ.

ಆಸ್ಪತ್ರೆಯಲ್ಲಿ

ನಗರದಲ್ಲಿರುವವರಿಗೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ (ಆಟೋದವರಿಗೆ ಹಿಮ್ಸ್ ಅಂದರೆ ಸಾಕು), ಉಳಿದ ಕಡೆ ತಾಲೂಕು ಆಸ್ಪತ್ರೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ. ಕಚ್ಚಿದ ದಿನವೇ ಹೋಗಿ. ವಾರ ಕಳೆದು ಹೋಗಿದ್ದರೂ ಹೋಗಿ. ಸಾಮಾನ್ಯವಾಗಿ ಲಕ್ಷಣ ಬರುವುದು ಒಂದರಿಂದ ಮೂರು ತಿಂಗಳಲ್ಲಿ, ಕೆಲವರಿಗೆ ಇನ್ನೂ ತಡವಾಗಿ. ಮುಖ, ತಲೆ, ಕೈಬೆರಳುಗಳಿಗೆ ಕಚ್ಚಿದ್ದರೆ ಬೇಗ.

ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದ್ದರೆ ತೊಳೆದುಕೊಂಡರೆ ಸಾಕು. ರಕ್ತ ಬರದ ಪರಚು ಗಾಯಕ್ಕೆ ಲಸಿಕೆ ಬೇಕು. ಹಲ್ಲು ಚರ್ಮ ದಾಟಿದ್ದರೆ, ರಕ್ತ ಒಂದು ಹನಿ ಬಂದಿದ್ದರೂ, ಇಲ್ಲವೇ ಜೊಲ್ಲು ಹಸಿ ಗಾಯಕ್ಕೋ ಕಣ್ಣು ಬಾಯಿಗೋ ತಾಗಿದ್ದರೆ ಲಸಿಕೆಯ ಜೊತೆಗೆ ಸೀರಮ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕು. ಈ ಸೀರಮ್ ವಿಷಯದಲ್ಲೇ ಜನ ಎಡವುವುದು. ಲಸಿಕೆ ದೇಹದಲ್ಲಿ ರಕ್ಷಣೆ ಹುಟ್ಟಿಸಲು ಒಂದರಿಂದ ಎರಡು ವಾರ ಬೇಕು. ಆ ನಡುವೆ ಕಾಪಾಡುವುದು ಸೀರಮ್. ಹಾಗಾಗಿ ಅದನ್ನು ಗಾಯದ ಒಳಗೂ ಸುತ್ತಲೂ ಚುಚ್ಚಿ ತುಂಬುತ್ತಾರೆ. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಕುದುರೆಯ ರಕ್ತದಿಂದ ತಯಾರಿಸಿದ ಸೀರಮ್ಮಿನ ಗರಿಷ್ಠ ಲೆಕ್ಕ ದೇಹದ ತೂಕದ ಪ್ರತಿ ಕಿಲೋಗೆ 40 ಯೂನಿಟ್: 60 ಕಿಲೋ ತೂಕದವರಿಗೆ 2400. ಬೆರಳ ತುದಿಯಂಥ ಕಡೆ ಹಿಡಿಸುವಷ್ಟೇ ಹಾಕುತ್ತಾರೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಅಪರೂಪಕ್ಕೆ ಅಲರ್ಜಿ ಆಗಬಹುದು, ಅದಕ್ಕೆ ಸಿಬ್ಬಂದಿ ಹೇಳುವ ತನಕ ಅಲ್ಲೇ ಕೂತಿರಿ.

ಸೀರಮ್ ಎಲ್ಲ ಆರೋಗ್ಯ ಕೇಂದ್ರಗಳಲ್ಲೂ ಇರುತ್ತದೆ ಅಂತ ನಂಬಿ ಕೂರಬೇಡಿ. ಇಲ್ಲವೆಂದರೆ ಮೊದಲ ಡೋಸ್ ಲಸಿಕೆ ಅಲ್ಲೇ ಹಾಕಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೊರಡಿ. ಮೊದಲ ಲಸಿಕೆಯಾಗಿ ಏಳು ದಿನದೊಳಗೆ ಸೀರಮ್ ಹಾಕಬಹುದು, ಆಮೇಲೆ ಪ್ರಯೋಜನವಿಲ್ಲ. ದೊಡ್ಡ ಗಾಯಕ್ಕೆ ಹೊಲಿಗೆ ಹಾಕಲೇಬೇಕಿದ್ದರೂ ಸೀರಮ್ ಆದ ಮೇಲೆಯೇ. ಟಿಟಿ ಇಂಜೆಕ್ಷನ್ ಬೇರೆ, ಅದು ಧನುರ್ವಾಯುವಿಗೆ. 'ಟಿಟಿ ಹಾಕಿಸಿದ್ದೀವಿ' ಅಂತ ನಿಶ್ಚಿಂತೆಯಿಂದ ಮನೆಗೆ ಬಂದುಬಿಡುವವರು ಈಗಲೂ ಇದ್ದಾರೆ.

ಚೀಟಿಯಲ್ಲಿ 0, 3, 7, 28 ಎಂದು ಬರೆದುಕೊಡುತ್ತಾರೆ. ಸೊನ್ನೆ ಅಂದರೆ ಕಚ್ಚಿದ ದಿನವಲ್ಲ, ಮೊದಲ ಲಸಿಕೆಯ ದಿನ. ಸೋಮವಾರ ಶುರುವಾದರೆ ಗುರುವಾರ, ಮುಂದಿನ ಸೋಮವಾರ, ಆಮೇಲೆ ಶುರುವಾಗಿ ನಾಲ್ಕು ವಾರ ತುಂಬುವ ಸೋಮವಾರ. ಗುರುವಾರ ಶುರುವಾದರೆ ಮೂರನೇ ದಿನ ಭಾನುವಾರ ಬೀಳುತ್ತದೆ, ಓಪಿಡಿ ಇರುವುದಿಲ್ಲ. ಎಲ್ಲಿ ಹಾಕುತ್ತಾರೆ ಎಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಪ್ರತಿ ಸಲ ಎರಡೂ ತೋಳಿಗೆ 0.1 ಮಿಲಿಲೀಟರ್, ಚರ್ಮದ ಪದರದಲ್ಲಿ. ಸರಿಯಾಗಿ ಬಿದ್ದರೆ ಕಿತ್ತಳೆ ಸಿಪ್ಪೆಯಂಥ ಸಣ್ಣ ಗುಬುಟು ಏಳುತ್ತದೆ. ಖಾಸಗಿಯಲ್ಲಿ ಸ್ನಾಯುವಿಗೆ ಹಾಕುವುದೇ ಹೆಚ್ಚು, ಆಗ 14ನೇ ದಿನವೂ ಸೇರಿ ಐದು ಡೋಸ್. ಸೊಂಟಕ್ಕೆ ಮಾತ್ರ ಹಾಕಿಸಿಕೊಳ್ಳಬೇಡಿ, ಅಲ್ಲಿ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಒಂದು ದಿನ ತಪ್ಪಿದರೆ ಮೊದಲಿಂದ ಶುರು ಮಾಡಬೇಕಿಲ್ಲ, ಮರುದಿನವೇ ಹೋಗಿ ಮುಂದುವರಿಸಿ. ಬಸುರಿಯರು, ಬಾಣಂತಿಯರು, ಕೂಸುಗಳು, ಎಲ್ಲರಿಗೂ ಹಾಕಬಹುದು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುತ್ತಾರೆ ಅನ್ನುವುದು ಹಳೇ ಲಸಿಕೆಯ ಕಾಲದ ಮಾತು.

ನಾಯಿ ಹುಷಾರಾಗಿದೆಯಲ್ಲ?

ಕಚ್ಚಿದ ನಾಯಿ ಅಥವಾ ಬೆಕ್ಕನ್ನು 10 ದಿನ ಗಮನಿಸಬೇಕು ನಿಜ, ಆದರೆ ಲಸಿಕೆ ಶುರು ಮಾಡಿಕೊಂಡು. ಲಕ್ಷಣ ತೋರುವ ಕೆಲವು ದಿನ ಮೊದಲೇ ಅದರ ಜೊಲ್ಲಿನಲ್ಲಿ ವೈರಸ್ ಇರುತ್ತದೆ. ಹುಚ್ಚು ನಾಯಿ ಅಂದರೆ ಅಟ್ಟಿಸಿಕೊಂಡು ಬರುವುದೇ ಅಂತಲ್ಲ. ಕೆಳದವಡೆ ಜೋತುಬಿದ್ದು, ದನಿ ಒಡೆದು, ಮೂಲೆ ಹಿಡಿದು ಮಂಕಾಗಿ ಕೂರುವುದೂ ಅದೇ ಕಾಯಿಲೆ. ಮರಿ ನಾಯಿಗೂ ಬರುತ್ತದೆ. ನಾಯಿ ಹತ್ತು ದಿನ ಆದಮೇಲೂ ಚೆನ್ನಾಗಿದ್ದರೆ ಮುಂದಿನ ಡೋಸ್ ಬಗ್ಗೆ ವೈದ್ಯರೇ ಹೇಳುತ್ತಾರೆ, ನೀವಾಗಿ ನಿಲ್ಲಿಸಬೇಡಿ.

ಸಕಲೇಶಪುರ, ಆಲೂರು ಕಡೆ ತೋಟದ ಲೈನು ಮನೆಗಳಿಗೆ ಬಂದವರು ಇನ್ನೊಂದು ಗಮನಿಸಿ: ನರಿ, ಮುಂಗುಸಿಯಂಥ ಕಾಡುಪ್ರಾಣಿ ಕಚ್ಚಿದರೆ ಸಣ್ಣ ಗಾಯಕ್ಕೂ ಸೀರಮ್ ಬೇಕು. ಕೋತಿ ಕಚ್ಚಿದರೂ ತಡಮಾಡದೆ ತೋರಿಸಿ. ಮಲೆನಾಡಿನಲ್ಲಿ ಹೆದರುವ ಮಂಗನ ಕಾಯಿಲೆಯೇ ಬೇರೆ, ಅದು ಉಣ್ಣೆ ಕಚ್ಚಿ ಬರುವ ಜ್ವರ. ಮನೆ ಇಲಿ ಕಚ್ಚಿದರೆ ಸಾಮಾನ್ಯವಾಗಿ ರೇಬೀಸ್ ಲಸಿಕೆ ಬೇಕಾಗುವುದಿಲ್ಲ.

ರೇಬೀಸ್ ಹಸುವಿಗೂ ಬರುತ್ತದೆ. ಹಸು ಸಾಕಿದವರು ಹೆಚ್ಚು ಮೋಸ ಹೋಗುವುದು ಕೊಟ್ಟಿಗೆಯಲ್ಲಿ. ಹಸು ಮೇವು ಬಿಟ್ಟು, ಜೊಲ್ಲು ಸುರಿಸಿಕೊಂಡು, ಒಡಕು ದನಿಯಲ್ಲಿ ಕೂಗುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಕೈ ಒಳಗೆ ಹಾಕಿಬಿಡುತ್ತಾರೆ. ಕೈಯಲ್ಲಿ ಹುಲ್ಲು ಕೊಯ್ದ ಗೀರುಗಳು ಇದ್ದೇ ಇರುತ್ತವೆ. ಕೈ ಹಾಕದೆ ಪಶುವೈದ್ಯರನ್ನು ಕರೆಸಿ, ಸಹಾಯವಾಣಿ 1962. ಅಂಥ ಹಸುವಿನ ಹಾಲು ಬೇಡ. ಗೊತ್ತಿಲ್ಲದೆ ಹಸಿ ಹಾಲು ಕುಡಿದಿದ್ದರೆ ಆಸ್ಪತ್ರೆಯಲ್ಲಿ ಹೇಳಿ.

ಕಚ್ಚಿಸಿಕೊಳ್ಳದಿರಲು

ಸಾಕಿದ ನಾಯಿಗೆ ಮೂರು ತಿಂಗಳಾದಾಗ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ಬೂಸ್ಟರ್, ಪ್ರತಿ ವರ್ಷ ಮತ್ತೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಸುಮಾರಿಗೆ ಲಸಿಕೆ ಶಿಬಿರ ಇದೆಯಾ ವಿಚಾರಿಸಿ. ಮರಿ ಹಾಕಿದ ನಾಯಿಯ ಹತ್ತಿರ, ತಿನ್ನುತ್ತಿರುವ ನಾಯಿಯ ಹತ್ತಿರ ಮಕ್ಕಳನ್ನು ಬಿಡಬೇಡಿ. ಬೀದಿ ನಾಯಿ ಗುರ್ ಅಂದರೆ ಓಡದೆ, ಕಣ್ಣಲ್ಲಿ ಕಣ್ಣಿಡದೆ, ಕೈ ಕಟ್ಟಿ ನಿಂತು ನಿಧಾನಕ್ಕೆ ಹಿಂದೆ ಸರಿಯಬೇಕು. ಬೈಕಿನವರು ವೇಗ ಏರಿಸಿದಷ್ಟೂ ನಾಯಿ ಅಟ್ಟುತ್ತದೆ. ಮಕ್ಕಳು ಬೈಸಿಕೊಳ್ಳುವ ಭಯಕ್ಕೆ ಕಚ್ಚಿದ್ದನ್ನು ಮುಚ್ಚಿಡುತ್ತವೆ. 'ಕಚ್ಚಿದರೆ ಬೈಯಲ್ಲ, ಹೇಳದಿದ್ದರೆ ಬೈತೀನಿ' ಎಂದು ಮೊದಲೇ ಹೇಳಿಡಿ.

ಕೊನೇ ಡೋಸ್ ಆದ ಮೇಲೆ ಚೀಟಿ ಎಸೆಯಬೇಡಿ, ರೇಷನ್ ಕಾರ್ಡಿನ ಜೊತೆ ಇಡಿ. ಮುಂದೆ ಮತ್ತೆ ಯಾವಾಗಲಾದರೂ ಕಚ್ಚಿದರೆ ಆ ಚೀಟಿ ತೋರಿಸಿ: ಪೂರ್ತಿ ಲಸಿಕೆ ಆದವರಿಗೆ 0 ಮತ್ತು 3ನೇ ದಿನದ ಎರಡೇ ಡೋಸ್ ಸಾಕು, ಸೀರಮ್ ಬೇಕಿಲ್ಲ. ಸೋಪು ನೀರಿನ 15 ನಿಮಿಷ ಮಾತ್ರ ಆಗಲೂ ತಪ್ಪುವುದಿಲ್ಲ.