ಏಲಕ್ಕಿ ಡ್ರೈಯರಿನ ಒಲೆ ಆರುತ್ತಿದೆಯಾ? ಹಾಸಿಗೆ ಪಕ್ಕದ ಬಜರ್ ಹೇಳಲಿ

ಏಲಕ್ಕಿ ಕೊಯ್ದ ದಿನ ರಾತ್ರಿ ಮನೆಯಲ್ಲಿ ಯಾರಾದರೊಬ್ಬರು ನಿದ್ದೆಗೆಡಲೇಬೇಕು. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ಸೌದೆ ಒಲೆಯ ಡ್ರೈಯರ್ ಇಟ್ಟುಕೊಂಡವರಿಗೆ ಇದು ಹೊಸ ವಿಷಯವಲ್ಲ. ಹಸಿ ಏಲಕ್ಕಿಯಲ್ಲಿ ನೂರಕ್ಕೆ 80 ಪಾಲು ನೀರೇ ಇರುತ್ತದೆ. ಅದನ್ನು 10ಕ್ಕೆ ಇಳಿಸಬೇಕಾದರೆ ಹೆಚ್ಚುಕಮ್ಮಿ ಒಂದು ಹಗಲು, ಒಂದು ರಾತ್ರಿ ಒಲೆ ಉರಿಯಬೇಕು. ಅಷ್ಟೂ ಹೊತ್ತು ಒಂದೇ ಬಿಸಿ ಸಾಲದು. ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ: ಮೊದಲ ನಾಲ್ಕು ಗಂಟೆ 50 ಡಿಗ್ರಿ ಸೆಲ್ಸಿಯಸ್, ಆಮೇಲೆ ಕಿಂಡಿ ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಿ 45, ಒಣಗಿ ಮುಗಿಯುವ ಹೊತ್ತಿಗೆ ಕೊನೆಯ ಒಂದು ಗಂಟೆ 60.

ಬಿಸಿ ಜಾಸ್ತಿಯಾದರೆ ಕಾಯಿ ಬಿರಿಯುತ್ತದೆ, ಹಸಿರು ಹೋಗಿ ಬಿಳಚಿಕೊಳ್ಳುತ್ತದೆ. ಕಡಿಮೆಯಾದರೆ ಒಣಗುವುದು ತಡವಾಗಿ ಬೂಸ್ಟು ಹಿಡಿಯುತ್ತದೆ. ಎರಡರಲ್ಲೂ ಹೊಡೆತ ಬೀಳುವುದು ರೇಟಿಗೆ. ಹಾಗಾಗಿ ಗಂಟೆಗೊಮ್ಮೆ ಎದ್ದು, ಟಾರ್ಚ್ ಹಿಡಿದು, ಜಿಗಣೆ ಕೊಡವಿಕೊಳ್ಳುತ್ತಾ ಡ್ರೈಯರ್ ಮನೆವರೆಗೆ ಹೋಗಿ ಗೋಡೆಯ ಥರ್ಮಾಮೀಟರ್ ನೋಡಿ ಬರುವುದು ತಪ್ಪಿದ್ದಲ್ಲ.

ಸೌದೆ ಹಾಕಲು ಹೋಗಲೇಬೇಕು, ಅದನ್ನು ಯಾವ ಸೆನ್ಸರ್ರೂ ಮಾಡಿಕೊಡುವುದಿಲ್ಲ. ಆದರೆ ಸುಮ್ನೆ ನೋಡಿ ಬರುವ ಓಡಾಟವನ್ನು ಉಳಿಸಬಹುದು. ಬಿಡಿಭಾಗಗಳಿಗೆ 2000 ರೂಪಾಯಿ ಆಸುಪಾಸು ಸಾಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲ್ಲವೂ ಸಿಗುತ್ತವೆ, ಆನ್‌ಲೈನಿನಲ್ಲೂ ಸಿಗುತ್ತವೆ. ಬೆಸುಗೆ ಹಾಕಲು ಬರುವ, ಕಂಪ್ಯೂಟರ್ ಪರಿಚಯ ಇರುವ ಹುಡುಗ ಹುಡುಗಿಯರು ಮನೆಯಲ್ಲಿದ್ದರೆ ಒಂದು ಭಾನುವಾರದ ಕೆಲಸ.

ಎರಡು ಕಡೆ ಅಳೆಯಿರಿ

ಹೆಚ್ಚಿನವರು ಮಾಡುವುದು ಒಂದೇ ಸೆನ್ಸರನ್ನು ಕೋಣೆಯ ಮಧ್ಯೆ ನೇತುಹಾಕುವುದು. ಅದರಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ. ಕೋಣೆಯ ಗೋಡೆ, ತಟ್ಟೆ, ಕಾಯಿ ಎಲ್ಲ ಬಿಸಿ ಹಿಡಿದಿಟ್ಟುಕೊಂಡಿರುತ್ತವೆ. ಒಲೆಯಲ್ಲಿ ಕೆಂಡವಷ್ಟೇ ಉಳಿದಿದ್ದರೂ ಕೋಣೆ ಇನ್ನೂ 46, 47 ತೋರಿಸುತ್ತಿರುತ್ತದೆ. ಅದು 42ಕ್ಕೆ ಇಳಿದು ನಿಮಗೆ ಗೊತ್ತಾಗುವಷ್ಟರಲ್ಲಿ ಒಲೆ ಪೂರ್ತಿ ಆರಿರುತ್ತದೆ. ಮತ್ತೆ ಹೊತ್ತಿಸಿ, ಪೈಪು ಕಾದು, ಕೋಣೆ ಮೇಲೇರಲು ತುಂಬ ಹೊತ್ತು ಬೇಕು.

ಒಲೆಯಿಂದ ಹೊರಟು ಕೋಣೆಯೊಳಗೆ ಸುತ್ತಿ ಹೋಗುವ ಹೊಗೆ ಪೈಪು ಹಾಗಲ್ಲ. ಉರಿ ತಗ್ಗಿದ ಕೆಲವೇ ನಿಮಿಷದಲ್ಲಿ ಅದರ ಮೈ ಬಿಸಿ ಇಳಿಯತೊಡಗುತ್ತದೆ. ಅಂದರೆ ಏಲಕ್ಕಿಯ ಸ್ಥಿತಿ ಹೇಳುವುದು ಕೋಣೆಯ ಸೆನ್ಸರ್, ಮುಂದೆ ಏನಾಗುತ್ತದೆ ಅಂತ ಹೇಳುವುದು ಪೈಪಿನ ಸೆನ್ಸರ್. ಎಚ್ಚರಿಸುವ ಕೆಲಸವನ್ನು ಪೈಪಿಗೇ ಕೊಡಬೇಕು.

ಏನೇನು ಬೇಕು

ಕೋಣೆಗೆ ಡಿಎಸ್18ಬಿ20 ಎಂಬ ಸೆನ್ಸರ್, ನೀರು ಹೋಗದ ಸ್ಟೀಲ್ ಕೊಳವೆಯಲ್ಲಿ ಬರುವಂಥದ್ದು, ಎರಡು ತೆಗೆದುಕೊಳ್ಳಿ. ಒಂದು ಮೇಲಿನ ತಟ್ಟೆಯ ಮಟ್ಟಕ್ಕೆ, ಇನ್ನೊಂದು ಕೆಳಗಿನದಕ್ಕೆ. ಇದು 125 ಡಿಗ್ರಿವರೆಗೆ ಅಳೆಯುತ್ತದೆ, ನಮಗೆ ಬೇಕಾದ ಬಿಸಿಯಲ್ಲಿ ಅರ್ಧ ಡಿಗ್ರಿಗಿಂತ ಆಚೀಚೆ ಹೋಗುವುದಿಲ್ಲ. ಅಗ್ಗಕ್ಕೆ ಸಿಗುವ, ಬಿಸಿಯ ಜೊತೆ ತೇವವನ್ನೂ ಅಳೆಯುವ ಡಿಎಚ್‌ಟಿ22 ಸೆನ್ಸರ್ ಹಾಕಿ ಅಂತ ಸಲಹೆ ಕೊಡುವವರಿದ್ದಾರೆ. ಅದರ ಮಿತಿಯೇ 80 ಡಿಗ್ರಿ. ಹಬೆ ತುಂಬಿದ ಬಿಸಿ ಕೋಣೆಗೆ ಅದನ್ನು ನಾನಂತೂ ಹೇಳುವುದಿಲ್ಲ.

ಪೈಪಿಗೆ ಡಿಎಸ್18ಬಿ20 ನಡೆಯದು, ಅಲ್ಲಿನ ಬಿಸಿ 125 ದಾಟುತ್ತದೆ. ಅಲ್ಲಿ ಕೆ-ಟೈಪ್ ಥರ್ಮೋಕಪಲ್ ಬೇಕು. ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಸೇರಿಸಿ ಬಿಸಿ ಮಾಡಿದರೆ ಚೂರು ವೋಲ್ಟೇಜ್ ಹುಟ್ಟುತ್ತದೆ. ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್, ಅಷ್ಟೇ. ಅದನ್ನು ಓದಿ ಡಿಗ್ರಿಗೆ ತಿರುಗಿಸಿ ಕೊಡುವ ಪುಟ್ಟ ಬೋರ್ಡ್ ಮ್ಯಾಕ್ಸ್6675. ಎರಡೂ ಒಟ್ಟಿಗೇ ಸಿಗುತ್ತವೆ. ಬೋರ್ಡ್ 1024 ಡಿಗ್ರಿವರೆಗೆ ಓದುತ್ತದೆ. ತಂತಿಯ ಹೊದಿಕೆ ಮಾತ್ರ ಪ್ಲಾಸ್ಟಿಕ್ಕಿನದು ಬೇಡ, ಫೈಬರ್ ಗ್ಲಾಸ್ ಅಥವಾ ಸ್ಟೀಲ್ ಹೆಣಿಗೆಯದು ಇರಲಿ.

ಇವೆಲ್ಲವನ್ನೂ ಓದಲು ವೈಫೈ ಇರುವ, ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡ್. ಎರಡು ಕೊಳ್ಳಿ. ಒಂದು ಡ್ರೈಯರಿಗೆ, ಒಂದು ನೀವು ಮಲಗುವ ಕೋಣೆಗೆ. ಜೊತೆಗೆ ಒಂದು ಬಜರ್, 4.7 ಕಿಲೋಓಮಿನ ಒಂದು ರೆಸಿಸ್ಟರ್ (ಹಳದಿ, ನೇರಳೆ, ಕೆಂಪು ಪಟ್ಟಿ ಇರುವುದು), ಎಲೆಕ್ಟ್ರಿಕಲ್ ಅಂಗಡಿಯ ಒಂದು ಜಂಕ್ಷನ್ ಬಾಕ್ಸ್, ಒಂದು ಪವರ್ ಬ್ಯಾಂಕ್.

ಪೈಪಿಗೆ ಥರ್ಮೋಕಪಲ್ ಕಟ್ಟುವುದು

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದದ್ದು ಇಲ್ಲಿ. ಪೈಪು ಒಲೆ ಬಿಟ್ಟು ಹೊರಟ ಜಾಗದಿಂದ ಒಂದೆರಡು ಅಡಿ ದೂರದಲ್ಲಿ, ಪೈಪಿನ ಮೇಲ್ಭಾಗದ ಮೈಗೆ ಸೆನ್ಸರಿನ ತುದಿ ಒತ್ತಿ ಕೂರುವಂತೆ ಸ್ಟೀಲಿನ ಹೋಸ್ ಕ್ಲಿಪ್ ಬಿಗಿಯಿರಿ. ಮೊದಲು ಆ ಜಾಗದ ತುಕ್ಕನ್ನು ಮರಳು ಕಾಗದದಲ್ಲಿ ಉಜ್ಜಿ ತೆಗೆಯಿರಿ. ತುದಿ ಪೈಪಿಗೆ ತಾಗದೆ ಗಾಳಿಯಲ್ಲಿ ನಿಂತರೆ ತೋರಿಸುವ ಅಂಕಿಗೆ ಅರ್ಥವೇ ಇಲ್ಲ.

ಆದರೆ ಇಲ್ಲೊಂದು ಕಿರಿಕಿರಿ ಇದೆ. ಅಗ್ಗದ ಎಷ್ಟೋ ಥರ್ಮೋಕಪಲ್‌ಗಳ ಒಳಗಿನ ತುದಿ ಹೊರಗಿನ ಲೋಹಕ್ಕೇ ತಾಗಿರುತ್ತದೆ. ಅದನ್ನು ಕಬ್ಬಿಣದ ಪೈಪಿಗೆ ಕಟ್ಟಿದರೆ ಓದುವಿಕೆ ಎತ್ತೆತ್ತಲೋ ಕುಣಿಯಬಹುದು. ತುದಿಗೂ ಪೈಪಿಗೂ ನಡುವೆ ತೆಳ್ಳನೆಯ ಮೈಕಾ ಹಾಳೆ ಇಟ್ಟರೆ ಸರಿಹೋಗುತ್ತದೆ. ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವರ ಹತ್ತಿರ ಕೇಳಿ, ಒಂದು ತುಂಡು ಸುಮ್ನೆ ಕೊಟ್ಟಾರು. ಮೈಕಾ ಕ್ಲಿಪ್ಪಿನ ಅಡಿಯಲ್ಲೂ ಇರಬೇಕು.

ತಂತಿ ಸಾಲದೆ ಬಂತು ಅಂತ ಮಾಮೂಲಿ ತಾಮ್ರದ ವೈರ್ ಜೋಡಿಸಬೇಡಿ. ಜೋಡಿಸಿದ ಜಾಗದಲ್ಲಿ 70 ಡಿಗ್ರಿ, ಬೋರ್ಡ್ ಇರುವ ಜಾಗದಲ್ಲಿ 25 ಡಿಗ್ರಿ ಇದ್ದರೆ ಓದುವಿಕೆ ಸರಿಯಾಗಿ 45 ಡಿಗ್ರಿ ಕಡಿಮೆ ಬರುತ್ತದೆ. ಬೇಕೆಂದರೆ ಕೆ-ಟೈಪಿನದೇ ಉದ್ದ ತಂತಿ ಕೊಳ್ಳಿ. ಬೋರ್ಡ್‌ಗಳಿರುವ ಬಾಕ್ಸ್ ಕೋಣೆಯೊಳಗೆ ಬೇಡ, ಹೊರಗೋಡೆಯ ಮೇಲೆ ಸೂರಿನಡಿ ಇರಲಿ. ಮ್ಯಾಕ್ಸ್6675 ತಾನಿರುವ ಜಾಗದ ಬಿಸಿಯನ್ನೂ ಅಳೆದು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಅದೇ ಬೆಂದರೆ ಲೆಕ್ಕವೂ ಕೆಡುತ್ತದೆ.

ಪ್ಲಸ್ ಯಾವುದು, ಮೈನಸ್ ಯಾವುದು? ಬಣ್ಣ ನಂಬಬೇಡಿ. ಅಮೆರಿಕದ ಪದ್ಧತಿಯಲ್ಲಿ ಕೆಂಪು ತಂತಿಯೇ ಮೈನಸ್. ಒಂದು ಆಯಸ್ಕಾಂತ ತನ್ನಿ, ಅದಕ್ಕೆ ಅಂಟುವ ತಂತಿ ಮೈನಸ್. ಉಲ್ಟಾ ಕೊಟ್ಟಿದ್ದರೆ ತುದಿಗೆ ಲೈಟರ್ ಹಿಡಿದಾಗ ಅಂಕಿ ಏರುವ ಬದಲು ಇಳಿಯುತ್ತದೆ.

ವೈರಿಂಗ್

ಡಿಎಸ್18ಬಿ20ಯ ಕೆಂಪು ತಂತಿ 3.3 ವೋಲ್ಟಿಗೆ, ಕಪ್ಪು ಗ್ರೌಂಡಿಗೆ, ಹಳದಿ ತಂತಿ ಇಎಸ್‌ಪಿ32ರ 4ನೇ ಪಿನ್ನಿಗೆ. ಎರಡು ಸೆನ್ಸರುಗಳ ಹಳದಿ ತಂತಿಗಳೂ ಅದೇ ಪಿನ್ನಿಗೆ ಹೋಗಬಹುದು, ಪ್ರತಿಯೊಂದಕ್ಕೂ ಫ್ಯಾಕ್ಟರಿಯಲ್ಲೇ ಬೇರೆ ಬೇರೆ ನಂಬರ್ ಕೊಟ್ಟಿರುತ್ತಾರೆ. ಹಳದಿಗೂ ಕೆಂಪಿಗೂ ನಡುವೆ ಆ ರೆಸಿಸ್ಟರ್. ಮ್ಯಾಕ್ಸ್6675ಕ್ಕೆ 3.3 ವೋಲ್ಟ್, ಗ್ರೌಂಡ್, ಉಳಿದ ಮೂರು ತಂತಿ 18, 5, 19ನೇ ಪಿನ್ನುಗಳಿಗೆ: ಕ್ಲಾಕ್, ಸೆಲೆಕ್ಟ್, ಡೇಟಾ, ಇದೇ ಕ್ರಮದಲ್ಲಿ.

ಮೊದಲು ಕುದಿನೀರಿನ ಪರೀಕ್ಷೆ

ಗೋಡೆಗೆ ಹೊಡೆಯುವ ಮೊದಲು ಅಡುಗೆಮನೆಯಲ್ಲಿ ಒಮ್ಮೆ ನೋಡಿಬಿಡಿ. ಐಸ್ ಪುಡಿ ಮಾಡಿ ತುಸು ನೀರು ಹಾಕಿದ ಲೋಟದಲ್ಲಿ ಸೊನ್ನೆ ಬರಬೇಕು. ಕುದಿಯುವ ನೀರಿನಲ್ಲಿ 100 ಬರಲಿಲ್ಲ ಅಂತ ಸೆನ್ಸರನ್ನು ಬಯ್ಯಬೇಡಿ. ಮಲೆನಾಡಿನಲ್ಲಿ ಬರುವುದೂ ಇಲ್ಲ. ಎತ್ತರ ಸುಮಾರು 300 ಮೀಟರ್ ಏರಿದಂತೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. ಮಡಿಕೇರಿಯಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ, ಸಕಲೇಶಪುರದಲ್ಲಿ 97ರ ಹತ್ತಿರ. ಥರ್ಮೋಕಪಲ್ ಇಲ್ಲಿ ಎರಡು ಮೂರು ಡಿಗ್ರಿ ತಪ್ಪಿದರೂ ತಲೆಕೆಡಿಸಿಕೊಳ್ಳಬೇಕಿಲ್ಲ. ಡಿಎಸ್18ಬಿ20 ಐಸ್ ನೀರಿನಲ್ಲೇ ಅಷ್ಟು ತಪ್ಪಿದರೆ ಅದು ನಕಲಿ ಮಾಲಿರಬಹುದು, ವಾಪಸ್ ಕೊಡಿ.

ಪ್ರೋಗ್ರಾಂನಲ್ಲಿ ಏನಿರಬೇಕು

ಇಂಥ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವ ಆರ್ಡುಯಿನೊ ತಂತ್ರಾಂಶದಲ್ಲಿ ಈ ಸೆನ್ಸರುಗಳಿಗೆಲ್ಲ ಲೈಬ್ರರಿಗಳು, ಅಂದರೆ ಮೊದಲೇ ಬರೆದಿಟ್ಟ ಪ್ರೋಗ್ರಾಂ ತುಣುಕುಗಳು ಇವೆ, ಉದಾಹರಣೆ ಪ್ರೋಗ್ರಾಂ ಅದರಲ್ಲೇ ಇರುತ್ತದೆ. ಹತ್ತು ಸೆಕೆಂಡಿಗೊಮ್ಮೆ ಓದಿ, ನಿಮಿಷಕ್ಕೊಂದು ಸರಾಸರಿ ತೆಗೆದು ಕಳಿಸಿದರೆ ಸಾಕು. ಒಲೆಗೆ ಅದಕ್ಕಿಂತ ಅವಸರ ಇಲ್ಲ.

ಎರಡು ಅಂಕಿಗಳನ್ನು ಮಾತ್ರ ಕಸಕ್ಕೆ ಹಾಕಲು ಬರೆದುಕೊಳ್ಳಿ. ಡಿಎಸ್18ಬಿ20ಯ ತಂತಿ ಕಿತ್ತುಹೋದರೆ ಲೈಬ್ರರಿ ಮೈನಸ್ 127 ಕೊಡುತ್ತದೆ. ಕರೆಂಟ್ ಹೋಗಿ ಬಂದ ಕ್ಷಣದಲ್ಲಿ ಸೆನ್ಸರ್ ಸರಿಯಾಗಿ 85 ಅನ್ನುತ್ತದೆ, ಅದು ಅಳತೆಯಲ್ಲ, ಎದ್ದಾಗ ಅದರಲ್ಲಿ ಇರುವ ಅಂಕಿ. ಇದನ್ನು ಜರಡಿ ಹಿಡಿಯದಿದ್ದರೆ ಕರೆಂಟ್ ಕಣ್ಣಾಮುಚ್ಚಾಲೆ ಆಡಿದ ರಾತ್ರಿ ಮನೆಮಂದಿಯೆಲ್ಲ ಎದ್ದು ಓಡಬೇಕಾದೀತು.

ಇನ್ನು ಎಚ್ಚರಿಕೆಗಳು. ಬಾಕ್ಸಿಗೆ ಒಂದು ಬಟನ್ ಕೊಟ್ಟು 50, 45, 60 ಎಂಬ ಮೂರು ಹಂತ ಬದಲಿಸುವಂತೆ ಮಾಡಿ. ಕೋಣೆ ಆ ಹಂತಕ್ಕಿಂತ 5 ಡಿಗ್ರಿ ಮೇಲೆ ಹೋದರೆ ಒಂದು ಬಗೆಯ ಸದ್ದು. ಪೈಪಿನ ಬಿಸಿ ಹತ್ತು ನಿಮಿಷದಲ್ಲಿ 30 ಡಿಗ್ರಿ ಇಳಿದರೆ ಇನ್ನೊಂದು ಬಗೆ, ಅಂದರೆ ಸೌದೆ ಹಾಕಿ ಅಂತ. ಈ 30 ಎಂಬುದು ಶುರು ಮಾಡಲು ಇಟ್ಟುಕೊಳ್ಳುವ ಅಂಕಿ. ಮೊದಲ ಸಲ ಒಣಗಿಸುವಾಗ ಬಜರ್ ಕೊಡದೆ ಬರೀ ದಾಖಲಿಸಿ, ನಿಮ್ಮ ಒಲೆ ಆರುವಾಗ ಹೇಗೆ ಇಳಿಯುತ್ತದೆ ನೋಡಿ, ಆಮೇಲೆ ತಿದ್ದಿಕೊಳ್ಳಿ. ಹೊನ್ನೆ, ಮತ್ತಿಯಂಥ ಗಟ್ಟಿ ಸೌದೆಯ ಇಳಿಜಾರೇ ಬೇರೆ, ಸಿಲ್ವರ್ ಓಕ್ ತುಂಡಿನದೇ ಬೇರೆ.

ಪೈಪಿನ ಬಿಸಿಯಿಂದ ಇನ್ನೊಂದು ಲಾಭವೂ ಇದೆ. ಒಂದೇ ಪದರದ ಪೈಪಿನ ಹೊರಮೈ 115ರಿಂದ 245 ಡಿಗ್ರಿ ಒಳಗಿದ್ದರೆ ಒಲೆ ಚೆನ್ನಾಗಿ ಉರಿಯುತ್ತಿದೆ ಎಂದು ತಿಳಿಯಬಹುದು. ಗಂಟೆಗಟ್ಟಲೆ ಅದಕ್ಕಿಂತ ಕೆಳಗಿದ್ದರೆ ಹೊಗೆ ಪೈಪಿನೊಳಗೇ ತಣ್ಣಗಾಗಿ ಟಾರಿನಂಥ ಅಂಟು ಕೂರುತ್ತದೆ. ಹಸಿ ಸೌದೆ ಹಾಕಿದರೆ ಇನ್ನೂ ಜಾಸ್ತಿ. ಈ ಅಂಟಿಗೆ ಮುಂದೊಂದು ದಿನ ಬೆಂಕಿ ತಾಗಿದರೆ ಪೈಪಿನೊಳಗೆ 1000 ಡಿಗ್ರಿ ದಾಟಬಹುದು. ಆದ್ದರಿಂದ 300 ಮುಟ್ಟಿದರೆ ನಿಲ್ಲದೆ ಕೂಗುವ ಮೂರನೇ ಸದ್ದು ಇಡಿ. ಅದು ಬಂದಾಗ ಮೊದಲ ಕೆಲಸ ಒಲೆಯ ಬಾಯಿ, ಗಾಳಿಕಿಂಡಿ ಮುಚ್ಚುವುದು.

ಮನೆಗೆ ಸುದ್ದಿ ಮುಟ್ಟಿಸುವುದು

ಮೊಬೈಲಿನಲ್ಲಿ ಗ್ರಾಫ್ ನೋಡುವುದು ಚಂದವೇ. ಟೆಲಿಗ್ರಾಂ ಬಾಟ್ ಮಾಡಿಕೊಂಡರೆ ಬೆಂಗಳೂರಿನಲ್ಲಿರುವ ಮಗನಿಗೂ ಮೆಸೇಜ್ ಹೋಗುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಅವನು ಸೌದೆ ಹಾಕಲು ಬರುತ್ತಾನಾ? ಇಂಟರ್ನೆಟ್ಟಿಗಿಂತ ಹಾಸಿಗೆ ಪಕ್ಕದ ಬಜರಿಗೇ ನನ್ನ ಮತ. ಎರಡು ಇಎಸ್‌ಪಿ32ಗಳು ಇಎಸ್‌ಪಿ-ನೌ ಎಂಬ ವಿಧಾನದಲ್ಲಿ ರೂಟರ್, ಸಿಮ್ ಯಾವುದೂ ಇಲ್ಲದೆ ನೇರ ಮಾತಾಡಿಕೊಳ್ಳುತ್ತವೆ. ನಡುವೆ ಮರ, ಗೋಡೆ ಅಡ್ಡ ಇಲ್ಲದಿದ್ದರೆ ನೂರಿನ್ನೂರು ಮೀಟರ್ ಮುಟ್ಟುತ್ತದೆ. ಅಂಗಳದಾಚೆಯ ಡ್ರೈಯರಿಗೆ ಧಾರಾಳ.

ಡ್ರೈಯರ್ ಗುಡ್ಡದ ಆಚೆ ಇದ್ದರೆ ಇನ್ನೂ ದೂರ ಮುಟ್ಟುವ ಲೋರಾ ಎಂಬ ರೇಡಿಯೊ ಹಾಕಬೇಕು. ಲೈಸೆನ್ಸ್ ಇಲ್ಲದೆ ಬಳಸಲು ನಮ್ಮಲ್ಲಿ 865ರಿಂದ 868 ಮೆಗಾಹರ್ಟ್ಸ್ ಬಿಟ್ಟುಕೊಟ್ಟಿದ್ದಾರೆ. ಅಂಗಡಿಯಲ್ಲಿ 868 ಅಂತ ಕೇಳಿ ತಂದು ಪ್ರೋಗ್ರಾಂನಲ್ಲಿ 866 ಎಂದು ಕೊಡಿ. ಎಸ್ಸೆಮ್ಮೆಸ್ ಸಾಕು ಅನ್ನುವವರು ಸಿಮ್ ಮಾಡ್ಯೂಲ್ ಹಾಕಬಹುದು. 2ಜಿ ಮಾಡ್ಯೂಲಿನಲ್ಲಿ ಜಿಯೋ ಸಿಮ್ ನಡೆಯುವುದಿಲ್ಲ, ಅವರದು 2ಜಿ ಇಲ್ಲ.

ವೈಫೈ ಮೂಲಕವೇ ಮಾಡುವವರು ನೆನಪಿಡಬೇಕಾದದ್ದು ಎರಡು. ಇಎಸ್‌ಪಿ32 ಹಿಡಿಯುವುದು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ. ಮತ್ತೆ, ಕರೆಂಟ್ ಹೋದಾಗ ಪವರ್ ಬ್ಯಾಂಕಿನಲ್ಲಿ ಬೋರ್ಡ್ ನಡೆಯುತ್ತಿದ್ದರೂ ರೂಟರ್ ಸತ್ತಿದ್ದರೆ ಏನು ಪ್ರಯೋಜನ, ಅಲ್ವಾ? ಅದಕ್ಕೂ ಒಂದು ಪುಟ್ಟ ಯುಪಿಎಸ್ ಬೇಕು.

ಯಾವ ದಾರಿ ಹಿಡಿದರೂ ಒಂದು ವಿಷಯ ಬಿಡಬೇಡಿ. ಸತ್ತ ಬೋರ್ಡ್ ತಾನು ಸತ್ತೆ ಅಂತ ಹೇಳುವುದಿಲ್ಲ. ಐದು ನಿಮಿಷ ಯಾವ ಅಂಕಿಯೂ ಬರದಿದ್ದರೆ ಮನೆಯ ಕಡೆಯ ಬೋರ್ಡೇ ಬಜರ್ ಹೊಡೆಯುವಂತೆ ಬರೆಯಿರಿ. ಈ ನಾಲ್ಕು ಸಾಲು ಇಲ್ಲದಿದ್ದರೆ, ಸದ್ದಿಲ್ಲ ಅಂದರೆ ಎಲ್ಲ ಸರಿಯಿದೆ ಅಂತ ನೀವು ಗೊರಕೆ ಹೊಡೆಯುತ್ತಿರುತ್ತೀರಿ.

ಅಡಿಕೆಗೂ, ಹೊಗೆಸೊಪ್ಪಿಗೂ

ಇದೇ ಬಾಕ್ಸ್ ಸೌದೆಯ ಅಡಿಕೆ ಡ್ರೈಯರಿಗೂ ಆಗುತ್ತದೆ, ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್ನಿಗೂ ಆಗುತ್ತದೆ. ಹಂತಗಳ ಅಂಕಿ ಬದಲಿಸಬೇಕು, ಅಷ್ಟೇ. ಹೊಗೆಸೊಪ್ಪಿನಲ್ಲಿ ಎಲೆ ಹಳದಿಯಾಗುವಾಗ 40ರೊಳಗೆ ಶುರುವಾಗಿ ಕೊನೆಗೆ ನಾರು ಒಣಗಿಸುವಾಗ 70ರ ಸುತ್ತಮುತ್ತ ಬರುತ್ತದೆ.

ಪೈಪು ಎಲ್ಲಾದರೂ ತೂತಾಗಿದ್ದರೆ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿಕೊಳ್ಳುತ್ತದೆ. ಅದಕ್ಕೆ ಬಣ್ಣ, ವಾಸನೆ ಇಲ್ಲ. ಬಿಸಿಯ ಸೆನ್ಸರಿಗೆ ಅದು ಗೊತ್ತಾಗುವುದಿಲ್ಲ. ಅದಕ್ಕೆಂದೇ ಬೇರೆ ಅಲಾರಂ ಸಿಗುತ್ತದೆ, ಡ್ರೈಯರಿಗೆ ತಾಗಿಕೊಂಡು ಯಾರಾದರೂ ಮಲಗುವ ರೂಢಿ ಇದ್ದರೆ ಅದನ್ನು ಮೊದಲು ತನ್ನಿ.

ಕೊಯ್ಲು ಮುಗಿದ ಮೇಲೆ ಥರ್ಮೋಕಪಲ್ ಬಿಚ್ಚಿ, ಪೈಪು ತಟ್ಟಿ ಇಲ್ಲಣ ತೆಗೆಯಿರಿ. ಒಳಗೆ ದಪ್ಪಗೆ ಇಲ್ಲಣ ಕೂತಿದ್ದರೆ ಅದೇ ಉರಿಗೆ ಪೈಪಿನ ಅಂಕಿ ಕಡಿಮೆ ಬರುತ್ತದೆ. ವೈರುಗಳನ್ನು ಜಿಐ ಪೈಪಿನೊಳಗೆ ಎಳೆಯಿರಿ. ಮಳೆಗಾಲದಲ್ಲಿ ಖಾಲಿ ಬಿದ್ದ ಡ್ರೈಯರ್ ಮನೆ ಇಲಿಗಳದೇ ಸಾಮ್ರಾಜ್ಯ, ಪ್ಲಾಸ್ಟಿಕ್ ವೈರ್ ಕಂಡರೆ ಅವು ಬಿಡುವುದಿಲ್ಲ.